ಕೊಂಬಿನೊಳಗಿನ ಕೈ

ಆ ಸ್ವರ ಸರಿಯಾಗಿ ಬಂದುಬಿಟ್ಟಿತು.

ಬೆಳಗಿನ ತಾಲೀಮು. ರಂಗಮಂದಿರದ ಒಲೆಗೆ ಇನ್ನೂ ಕಾವು ಹತ್ತಿರಲಿಲ್ಲ, ಪಿಟೀಲಿನವರಲ್ಲಿ ಅರ್ಧ ಜನ ಕೊರಳವಸ್ತ್ರ ಬಿಚ್ಚದೆ ಕೂತಿದ್ದರು. ವಾದ್ಯವೃಂದ ನಡೆಸುವ ಹಾರ್ಟುಂಗ್ ಕೋಲನ್ನು ಗಾಳಿಯಲ್ಲಿ ಹಿಡಿದವನು ಹಿಡಿದ ಹಾಗೇ ನಿಂತ. ಅವನ ಮೊದಲ ಸಿಂಫನಿಯ ಎರಡನೆಯ ಭಾಗ ಅದು, ನಿಧಾನದ ಭಾಗ. ಪಿಟೀಲುಗಳು ದನಿ ತಗ್ಗಿಸಿ ಕೊಂಬಿಗೆ ದಾರಿ ಬಿಡುತ್ತವೆ. ಕೊಂಬು ಒಂದೊಂದೇ ಮೆಟ್ಟಿಲು ಹತ್ತಿ ತುದಿಯ ಸ್ವರಕ್ಕೆ ಬಂದು ಅಲ್ಲಿ ನಿಲ್ಲುತ್ತದೆ. ಮೂವತ್ತೊಂದು ವರ್ಷದಿಂದ ಆ ತುದಿಯ ಸ್ವರ ಮುಚ್ಚಿಕೊಂಡೇ ಬರುತ್ತಿತ್ತು, ಬಾಗಿಲು ಹಾಕಿದ ಮನೆಯೊಳಗಿಂದ ಯಾರೋ ಕರೆದ ಹಾಗೆ. ಹಳೆಯ ಕೊಂಬಿನವನು ನಿವೃತ್ತನಾದ ಎರಡು ವರ್ಷದ ಮೇಲೆ ಇವತ್ತೇ ಈ ಕೃತಿಯನ್ನು ಮತ್ತೆ ತೆಗೆದದ್ದು; ಹೊಸ ಕೊಂಬಿನವನಾದ ಫ್ಲೋರಿಯಾನ್ ತನ್ನ ಕೀಲುಕೊಂಬಿನ ಒತ್ತುಕೀಲುಗಳ ಮೇಲೆ ಎರಡು ಬೆರಳು ಒತ್ತಿದ, ಅಷ್ಟೇ. ಸ್ವರ ದುಂಡಗೆ, ತೊಳೆದಿಟ್ಟ ತಟ್ಟೆಯ ಹಾಗೆ ಹೊರಗೆ ಬಂತು. ಬಂದು ಏನೂ ಮಾಡಲಿಲ್ಲ. ಅದರ ಹಿಂದಿನ ಸ್ವರದ ಹಾಗೆಯೇ ಅದೂ ಒಂದು ಸ್ವರವಾಗಿ, ಮುಂದಿನದಕ್ಕೆ ಜಾಗ ಬಿಟ್ಟು ಹೋಯಿತು.

"ಏನಾದ್ರೂ ತಪ್ಪಾಯ್ತಾ ಮೇಷ್ಟ್ರೇ?" ಫ್ಲೋರಿಯಾನ್ ಕೇಳಿದ. ಒಳ್ಳೆಯ ಹುಡುಗನೆನ್ನಲು ವಯಸ್ಸು ಮೀರಿದವನು, ಎರಡು ಮಕ್ಕಳ ತಂದೆ, ಕೆಲಸದಲ್ಲಿ ಬಲು ಅಚ್ಚುಕಟ್ಟು.

"ಇಲ್ಲ."

"ನೀವು ಬರೆದ ಹಾಗೇ ಊದಿದೆ."

"ಹೌದು. ಬರೆದ ಹಾಗೇ ಇದೆ."

"ಅಂತೂ ಬಂತಪ್ಪಾ," ಎಂದ ಓಬೊ ಊದುವವನು ವಾದ್ಯದ ನಾಲಿಗೆಪಟ್ಟಿಯನ್ನು ಬಾಯಿಂದ ತೆಗೆದು. "ಮೆಂಗೆ ಮುದುಕ ಅಲ್ಲಿಗೆ ಬಂದ್ರೆ ಸಾಕು, ನೆಗಡಿ ಹಿಡಿದೋನ ಹಾಗೆ ಊದ್ತಿದ್ದ."

ನಕ್ಕರು. ಹಾರ್ಟುಂಗನೂ ಮೀಸೆಯಡಿ ನಕ್ಕುಬಿಟ್ಟ. ನಗು ಮುಗಿಯುವ ಮೊದಲೇ ನಾಚಿಕೆಯಾಯಿತು. "ಮೊದಲಿಂದ," ಎಂದು ಕೋಲಿನಿಂದ ಹಲಗೆ ಕುಟ್ಟಿದ. ಎರಡನೆಯ ಸಲವೂ ಸ್ವರ ಶುದ್ಧವಾಗಿಯೇ ಬಂತು. ಫ್ಲೋರಿಯಾನ್ ಎಂದೂ ತಪ್ಪುವವನಲ್ಲ.

ಮನೆಗೆ ನಡೆಯುವಾಗ ಅರಮನೆ ತೋಟದ ಗೋಡೆಯ ಪಕ್ಕ ಸಾಗುತ್ತಾ ಅವನು ಹಾಳೆಯ ಮೇಲಿನ ಕೊಂಬಿನ ಆ ಎಂಟು ಗೆರೆಗಳನ್ನು ತಲೆಯಲ್ಲಿ ತಾನೇ ಊದಿಕೊಂಡ. ಫ್ಲೋರಿಯಾನ್ ಊದಿದ ಹಾಗೆ ಊದಿಕೊಂಡರೆ ಅದು ಯಾವ ಪಟ್ಟಣದ ಯಾವ ಮೇಷ್ಟ್ರಾದರೂ ಬರೆಯಬಹುದಾದ ರಾಗ. ಭಾನುವಾರ ತೋಟದಲ್ಲಿ ಬಿಯರ್ ಕುಡಿಯುತ್ತಾ ಕೇಳಿ ಮರೆಯುವಂಥದು. ಹೌದಲ್ಲ, ಹಾಗೆಯೇ ತಾನೆ ಬರೆದದ್ದು. ಇಪ್ಪತ್ತೆಂಟು ವಯಸ್ಸು, ಅತ್ತೆಮನೆಯ ಹಿಂದಿನ ಕೋಣೆ, ಮೂರು ಸ್ವರಮನೆ ಕೆಟ್ಟ ಪಿಯಾನೊ. ತುದಿಯ ಸ್ವರ ಬೆಳಕು ಹರಿದ ಹಾಗೆ ತೆರೆದುಕೊಳ್ಳಬೇಕೆಂದು ಅವನ ಆಸೆ. ಪಿಯಾನೊ ಮುಂದೆ ಕೂತು ಬರೆದವನಿಗೆ ಎಲ್ಲ ಸ್ವರವೂ ಬೆರಳಿಗೆ ಸಿಗುತ್ತದೆ. ಕೀಲಿಲ್ಲದ ಹಳೆಯ ಕೊಂಬಿನಲ್ಲಿ ಆ ಸ್ವರ ಬಿಚ್ಚಿ ಬರುವುದೇ ಇಲ್ಲ, ಕೊಂಬಿನ ಅಗಲವಾದ ಬಾಯೊಳಗೆ ಬಲಗೈ ತುರುಕಿ, ಮುಚ್ಚಿ, ಹಿಂಡಿ ತೆಗೆಯಬೇಕು ಎಂಬುದನ್ನು ಅವನು ಮರೆತಿದ್ದ. ಕಲಿತದ್ದನ್ನೇ ಮರೆತಿದ್ದ. ಹೊಸಬ ವಿದ್ಯಾರ್ಥಿ ಮಾಡುವ ತಪ್ಪು. ಮೊದಲ ತಾಲೀಮಿನಲ್ಲಿ ಕಾಸ್ಪಾರ್ ಮೆಂಗೆ ಆ ಜಾಗಕ್ಕೆ ಬಂದು, ಹಾಳೆಯನ್ನು ಒಂದು ಕ್ಷಣ ನೋಡಿ, ಏನೂ ಹೇಳದೆ ಕೈಯನ್ನು ಒಳಗೆ ಸರಿಸಿ ಸ್ವರವನ್ನು ಹೊರಗೆ ತಂದ. ಹಾರ್ಟುಂಗನ ಕಿವಿ ಕಾದುಹೋಯಿತು. ಬಿಡುವಿನಲ್ಲಿ ತಿದ್ದಬೇಕು, ಒಂದು ಸ್ವರ ಕೆಳಗಿಳಿಸಬೇಕು ಎಂದುಕೊಂಡ. ಆದರೆ ಬಿಡುವಿನಲ್ಲಿ ಮುದುಕ ಪಿಟೀಲುಗಾರನೊಬ್ಬ ಬಂದು ಇವನ ತೋಳು ಹಿಡಿದು, ಕಣ್ಣೊರೆಸಿಕೊಂಡು ಹೋದ. ತಿದ್ದುವ ಪೆನ್ಸಿಲು ಜೇಬಿನಲ್ಲೇ ಉಳಿಯಿತು.

ಆಮೇಲೆ ಇನ್ನೂ ಎರಡು ಸಿಂಫನಿ ಬರೆದ. ಎರಡೇ ದಿನ ನಡೆದ ಒಂದು ಆಪೆರಾ, ಡ್ಯೂಕರ ಮನೆಯ ಮೂರು ಮದುವೆಗೆ ಮೂರು ಮಂಗಳಗೀತೆ, ಊರ ಹೆಣ್ಣುಮಕ್ಕಳು ದಿವಾನಖಾನೆಯಲ್ಲಿ ಹಾಡಿಕೊಳ್ಳುವ ನಲವತ್ತು ಹಾಡು. ಲೈಪ್‌ಜಿಗ್‌ನಿಂದ ಹಾಂಬುರ್ಗ್‌ವರೆಗೆ ಜನ ಕೇಳಿದ್ದು ಮಾತ್ರ ಆ ನಿಧಾನದ ಭಾಗವನ್ನು. ಆ ಒಂದು ಭಾಗದ ಬಲದಿಂದಲೇ ಅವನು ಆಸ್ಥಾನದ ಮೇಷ್ಟ್ರಾದ, ಬರುವ ಶನಿವಾರ ಅದಕ್ಕೆ ಇಪ್ಪತ್ತೈದು ವರ್ಷ, ಆ ಉತ್ಸವಕ್ಕೇ ಈ ತಾಲೀಮು. ಪತ್ರಿಕೆಯೊಂದರಲ್ಲಿ ಮೊದಲ ವರ್ಷವೇ ಬಂದಿತ್ತು: "ಆ ಮುಸುಕಿದ ಸ್ವರವೊಂದರಲ್ಲಿ ಇಡೀ ಕಾಲದ ಹಂಬಲವಿದೆ, ಅದನ್ನು ಮುಸುಕಬೇಕೆಂದು ಹೊಳೆದ ಮನಸ್ಸಿಗೆ ನಮಸ್ಕಾರ." ಆ ತುಂಡನ್ನು ಕತ್ತರಿಸಿ ಮೇಜಿನ ಒಳಖಾನೆಯಲ್ಲಿಟ್ಟ. ಕಾಸ್ಪಾರನಿಗೆ ತೋರಿಸಲಿಲ್ಲ. ತೋರಿಸಿದರೆ ಅವನು ಏನಾದರೂ ಅನ್ನುತ್ತಿದ್ದ, ಇಲ್ಲವೇ ಏನೂ ಅನ್ನದೆ ನೋಡುತ್ತಿದ್ದ. ಎರಡೂ ಬೇಡವಾಗಿತ್ತು.

ಬಾಗಿಲು ತೆರೆದದ್ದೇ ಪ್ಲಮ್ ಹಣ್ಣು ಬೇಯುವ ವಾಸನೆ. ಹೆಂಡತಿ ಒಟ್ಟೀಲಿ ಮಧ್ಯಾಹ್ನ ಬರುವವರಿಗಾಗಿ ದೊಡ್ಡ ತಗಡಿನ ತುಂಬ ಕೇಕು ಬೇಯಲಿಟ್ಟಿದ್ದಳು.

"ರೀ, ಆ ಕೋಟು ಬಿಚ್ಚಿಡಿ, ತೋಳು ಸವೆದಿದೆ. ಡಾಕ್ಟರ್ ಪಾಬ್ಸ್ಟ್ ರೈಲಿನಲ್ಲಿ ಬಂದಿಳಿದಾಯ್ತಂತೆ, ನಾಲ್ಕಕ್ಕೆ ಸರಿಯಾಗಿ ಇಲ್ಲಿಗೆ ಬರ್ತಾರಂತೆ. ಹೋಟೆಲಿನಿಂದ ಚೀಟಿ ಕಳಿಸಿದ್ದಾರೆ."

ಡಾಕ್ಟರ್ ಪಾಬ್ಸ್ಟ್ ಸಂಗೀತಗಾರರ ಕೋಶವೊಂದನ್ನು ತಯಾರಿಸುತ್ತಿದ್ದ. ಅಕ್ಷರ 'ಹ'ಕ್ಕೆ ಬಂದಿದ್ದ. ಹುಟ್ಟು, ಗುರುಗಳು, ಕೆಲಸ, ಕೃತಿಗಳು, ಎಲ್ಲ ಸೇರಿ ಹದಿನೈದು ಸಾಲು ಎಂದು ಮುಂಚೆಯೇ ಬರೆದಿದ್ದ. ಕಾಗದದ ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ: ಕೊಂಬಿನ ಆ ಮುಸುಕಿದ ಸ್ವರವನ್ನು ತಾವು ಉದ್ದೇಶಪಟ್ಟೇ ಬರೆದಿರೆಂದು ನಮೂದಿಸಬಹುದಷ್ಟೆ? ಆ 'ಅಷ್ಟೆ'ಯಲ್ಲಿದ್ದ ವಿನಯವನ್ನು ಹಾರ್ಟುಂಗ್ ನಾಲ್ಕು ದಿನದಿಂದ ಓದುತ್ತಿದ್ದ. ಹೌದೆಂದರೆ ಅಚ್ಚಾಗುತ್ತದೆ, ಅಚ್ಚಾದದ್ದು ತಾನು ಹೋದ ಮೇಲೂ ಹಾಗೇ ನಿಲ್ಲುತ್ತದೆ. ಅಲ್ಲವೆಂದರೆ ತನ್ನ ಹದಿನೈದು ಸಾಲಿನಲ್ಲಿ ಉಳಿಯುವುದು ಮೂರು ಮದುವೆ.

"ಅವರು ಏನು ಕೇಳಿದರೂ ಉದ್ದಕ್ಕೆ ಹೇಳಿ," ಎಂದಳು ಒಟ್ಟೀಲಿ ಸೂಪು ಬಡಿಸುತ್ತಾ. "ನಿಮ್ಮದು ಯಾವಾಗಲೂ ಹೌದು, ಇಲ್ಲ, ಎರಡೇ ಮಾತು. ಆ ಎರಡಕ್ಕೆ ಯಾರು ಲೈಪ್‌ಜಿಗ್‌ನಿಂದ ಬರ್ತಾರೆ."

"ಇವತ್ತು ಆ ಸ್ವರ ಕೆಟ್ಟಿತು."

"ಯಾವುದು?"

"ಶುದ್ಧವಾಗಿ ಬಂತು."

ಅವಳು ಸೌಟು ಹಿಡಿದು ಅವನನ್ನು ನೋಡಿದಳು. "ಹಾಗಾದ್ರೆ ಆ ಫ್ಲೋರಿಯಾನ್‌ಗೆ ಮುಚ್ಚಿ ಊದು ಅಂತ ಹೇಳಿ. ಹಾಳೆ ಮೇಲೆ ಬರೆದುಕೊಡಿ. ನಿಮ್ಮ ಕೃತಿ ತಾನೆ."

ಅದೇ ಕಷ್ಟ. ಹಾಳೆಯ ಮೇಲೆ ಹಾಗೆಂದು ಬರೆದೇ ಇರಲಿಲ್ಲ. ಈಗ ಬರೆದರೆ, ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಎಂದು ಆ ಓಬೊದವನೇ ಕೇಳುತ್ತಾನೆ. ಸೂಪಿನಲ್ಲಿ ರೊಟ್ಟಿ ಮುಳುಗಿಸುತ್ತಿದ್ದಾಗ ಅವನಿಗೆ ಹೊಳೆಯಿತು: ಕಾಸ್ಪಾರನನ್ನೇ ಶನಿವಾರ ಕರೆಯಬೇಕು. ಉತ್ಸವದ ಗೌರವವೆಂದು ಕರೆಯಬೇಕು. ಹಳೆಯ ಕೊಂಬು ತಂದು ಆ ಎಂಟು ಗೆರೆ ಅವನು ಊದಲಿ. ಪಾಬ್ಸ್ಟ್ ಕೇಳುತ್ತಾನೆ, ಡ್ಯೂಕರು ಕೇಳುತ್ತಾರೆ, ಸ್ವರ ಮುಚ್ಚಿಕೊಂಡು ಬರುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ. ಇದು ಎಷ್ಟು ಚೆಂದದ ಉಪಾಯವೆಂದರೆ ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ಎದ್ದು ಟೋಪಿ ತೆಗೆದುಕೊಂಡ.

"ಕಾಸ್ಪಾರನ್ನ ನೋಡಿ ಬರ್ತೀನಿ."

"ಈಗಾ? ಎರಡು ವರ್ಷದಿಂದ ಅವನ ಬೀದಿ ತಪ್ಪಿಸೋಕೆ ಕೋಳಿಪೇಟೆ ಸುತ್ತಿ ಬರ್ತಿದ್ರಿ. ಇವತ್ತೇ ನೆನಪಾಯ್ತಾ?"

ಅವಳಿಗೆ ಅದು ಗೊತ್ತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅರಮನೆಯ ಕಚೇರಿಯಿಂದ ಅಭಿಪ್ರಾಯ ಕೇಳಿ ಪತ್ರ ಬಂದಿತ್ತು: ಕೀಲುಕೊಂಬು ತರಿಸಿಯಾಗಿದೆ, ಹಳೆಯ ಮೆಂಗೆಯನ್ನು ಇಟ್ಟುಕೊಳ್ಳಬೇಕೆ, ನಿವೃತ್ತಿ ಕೊಡಬೇಕೆ? ಹಾರ್ಟುಂಗ್ ಒಂದೇ ವಾಕ್ಯ ಬರೆದ. "ಮೆಂಗೆಯವರ ಕೆಲವು ಸ್ವರಗಳು ಈಚೆಗೆ ಶುದ್ಧವಾಗಿಲ್ಲ." ಸುಳ್ಳಲ್ಲ. ಕೊನೆಯ ಹತ್ತು ವರ್ಷ ಆ ತುದಿಯ ಸ್ವರ ಒಂದು ಥರ ಒರಟಾಗುತ್ತಾ ಬಂದಿತ್ತು, ಮುಸುಕು ಹರಿದು ಬಟ್ಟೆಯ ನೂಲು ಕಂಡ ಹಾಗೆ. ವಯಸ್ಸು, ತುಟಿ ಸೋತಿದೆ, ಎಂದುಕೊಂಡ. ಕೆಲವು ಸ್ವರಗಳು ಎಂದು ಬಹುವಚನ ಯಾಕೆ ಹಾಕಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಕಾಸ್ಪಾರ್ ಇದ್ದದ್ದು ಚರ್ಮ ಹದಮಾಡುವವರ ಬೀದಿಯ ಒಂದು ಮನೆಯ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಮೇಲಿನಿಂದ ಹಕ್ಕಿಗಳ ಗಲಾಟೆ ಕೇಳಿತು. ಆ ಬೆಟ್ಟಗಾಡಿನ ಎಷ್ಟೋ ಮುದುಕರ ಕಸುಬು ಅದು: ಕಾಡಿನ ಕೆಂಪೆದೆಯ ಹಕ್ಕಿಮರಿಗಳನ್ನು ತಂದು, ಪಂಜರಕ್ಕೆ ಬಟ್ಟೆ ಮುಚ್ಚಿ, ಕತ್ತಲಲ್ಲಿ ಒಂದೇ ರಾಗವನ್ನು ತಿಂಗಳುಗಟ್ಟಲೆ ಸಣ್ಣ ಕೊಳಲಿನಲ್ಲಿ ಊದಿ ಕಲಿಸುವುದು. ಕಲಿತ ಹಕ್ಕಿ ಹ್ಯಾನೋವರ್‌ವರೆಗೆ ಹೋಗುತ್ತದೆ, ಶ್ರೀಮಂತರ ಹೆಂಗಸರು ಇಟ್ಟುಕೊಳ್ಳುತ್ತಾರೆ.

"ಬನ್ನಿ ಮೇಷ್ಟ್ರೇ," ಎಂದ ಕಾಸ್ಪಾರ್, ನಿನ್ನೆ ತಾನೆ ನೋಡಿದವನ ಹಾಗೆ. ಕುರ್ಚಿಯ ಮೇಲಿದ್ದ ಕಾಳಿನ ಚೀಲ ತೆಗೆದ. "ಟೋಪಿ ಅಲ್ಲಿಡಬೇಡಿ, ಹಕ್ಕಿ ಮೇಲಿಂದ ಉದುರಿಸುತ್ತೆ."

ಅವನು ಬಾಯಿ ತೆರೆದಾಗ ಹಾರ್ಟುಂಗ್ ಕಂಡ: ಮುಂದಿನ ನಾಲ್ಕು ಹಲ್ಲು ಇರಲಿಲ್ಲ. ಅಲ್ಲಿಗೆ ಉಪಾಯ ಮುಗಿಯಿತು. ಕೊಂಬಿನವನಿಗೆ ಕಣ್ಣು ಹೋದರೂ ನಡೆದೀತು, ಮುಂದಿನ ಹಲ್ಲು ಹೋಗುವಂತಿಲ್ಲ. ಶನಿವಾರ, ಡ್ಯೂಕರು, ಗೌರವ, ಎಲ್ಲ ಬಾಯಿಗೆ ಬಂದದ್ದು ಅಲ್ಲೇ ಆರಿತು. ಅವನು ಕುರ್ಚಿಯಲ್ಲಿ ಕೂತ. ಹಿಂದೆ ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗೆ ಇದ್ದವರು, ಒಂದೇ ಚಳಿಗಾಲದ ಕೋಟನ್ನು ದಿನ ಬಿಟ್ಟು ದಿನ ಹಾಕಿಕೊಂಡವರು. ಮೇಷ್ಟ್ರಾದ ಮರುದಿನದಿಂದ ಕಾಸ್ಪಾರ್ ಇವನನ್ನು 'ನೀವು' ಎನ್ನತೊಡಗಿದ. ಬೇಡವೆನ್ನಲು ಇವನು ಒಂದು ದಿನ ತಡಮಾಡಿದ, ಆಮೇಲೆ ತಡವೇ ಆಯಿತು.

"ಶನಿವಾರ ನಮ್ಮದನ್ನೇ ನುಡಿಸ್ತಾರಂತಲ್ಲ," ಎಂದ ಕಾಸ್ಪಾರ್. "ಹೊಸಬ ಹೇಗೆ ಊದ್ತಾನೆ?"

"ಚೆನ್ನಾಗಿ ಊದ್ತಾನೆ."

"ಮೇಲಿನದು?"

ಹಾರ್ಟುಂಗ್ ತಲೆ ತಗ್ಗಿಸಿ ಟೋಪಿಯ ಅಂಚು ನೋಡಿದ. "ಶುದ್ಧವಾಗಿ ಬರುತ್ತೆ."

ಕಾಸ್ಪಾರ್ ಉಸಿರು ಬಿಟ್ಟ. ಆ ಉಸಿರಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ, ಇದ್ದದ್ದು ನೆಮ್ಮದಿ. "ಸದ್ಯ," ಎಂದ. "ಬದುಕಿದೆ. ಆ ಕೀಲುಗಳನ್ನ ನಾನು ಎಷ್ಟು ಬೈದಿದ್ದೀನಿ, ಆದರೆ ಅದೊಂದಕ್ಕೆ ಅವು ಬೇಕಾಗಿದ್ವು. ನಿಮ್ಮದನ್ನ ನಾನು ಮೂವತ್ತು ವರ್ಷ ಕೆಡಿಸಿದೆ ಮೇಷ್ಟ್ರೇ. ನೀವು ಒಂದು ದಿನ ಒಂದು ಮಾತು ಅನ್ನಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಮೊದಲ ದಿನವೇ ಕೋಲು ಎಸೆದಿರೋರು."

ಹಾರ್ಟುಂಗನಿಗೆ ಮಾತು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಅದು ತೆರೆದುಕೊಂಡು ಬರಬೇಕಾದ ಜಾಗ ಅಂತ ಹಾಳೆ ನೋಡಿದ್ರೇ ಗೊತ್ತಾಗೋದು," ಕಾಸ್ಪಾರ್ ಹೇಳುತ್ತಿದ್ದ, ಕಾಳು ಆರಿಸುತ್ತಾ. "ನನ್ನ ಕೊಂಬಲ್ಲಿ ಆ ಸ್ವರ ಇಲ್ಲ. ಇಲ್ಲ ಅಂತ ಬಿಡೋಕಾಗುತ್ತಾ? ಪ್ರತಿ ವರ್ಷ ಕೈಯನ್ನ ಕೂದಲೆಳೆಯಷ್ಟು ಹೊರಗೆ ಎಳೀತಾ ಬಂದೆ. ಉಳಿದದ್ದನ್ನ ತುಟಿಯಲ್ಲೇ ಎತ್ತೋಣ ಅಂತ. ಮನೇಲಿ ದಿನಾ ಒಂದು ಗಂಟೆ. ಹೆಂಡತಿ ಇದ್ದಾಗ ಕಿವಿಗೆ ಹತ್ತಿ ಇಟ್ಕೊಂಡು ಹೆಣೀತಾ ಕೂರೋಳು. ಸ್ವಲ್ಪ ತೆರೀತು, ಆದ್ರೆ ಒರಟಾಯ್ತು. ಕಚೇರಿಯೋರು ನಿಮ್ಮ ಕಾಗದ ತೋರಿಸಿದಾಗ ನನಗೇನೂ ಬೇಜಾರಾಗಲಿಲ್ಲ. ಕೆಲವು ಸ್ವರ ಅಂತ ಬರೆದಿದ್ರಿ. ಅದೊಂದೇ ಅಂತ ನನಗೆ ಗೊತ್ತಿತ್ತು. ನನ್ನ ಮಾನ ಉಳಿಸೋಕೆ, ಯಾವುದು ಅಂತ ಹೇಳದೆ ಹಾಗೆ ಬರೆದ್ರಿ ಅಂದ್ಕೊಂಡೆ."

ಅವನು ಎದ್ದು ಕಿಟಕಿಯ ಪಕ್ಕದ ಪಂಜರದ ಬಟ್ಟೆ ತೆಗೆದ. ಒಳಗೆ ದಪ್ಪ ಕತ್ತಿನ, ಕೆಂಪೆದೆಯ ಹಕ್ಕಿ ಬೆಳಕಿಗೆ ಕಣ್ಣು ಮಿಟುಕಿಸಿತು. ಕಾಸ್ಪಾರ್ ಅದರ ಮುಂದೆ ಎರಡು ಸಲ ತಲೆಬಾಗಿದ, ಆ ಕಸುಬಿನವರು ಮಾಡುವ ಹಾಗೆ. ಹಕ್ಕಿಯೂ ಬಾಗಿ, ಕತ್ತು ಉಬ್ಬಿಸಿ ಶುರುಮಾಡಿತು. ಎಂಟು ಗೆರೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ತುದಿಯ ಸ್ವರವನ್ನು ತೆಳ್ಳಗೆ, ತಿಳಿಯಾಗಿ ಊದಿ ನಿಲ್ಲಿಸಿತು.

"ಇದನ್ನ ಮಾತ್ರ ಯಾರಿಗೂ ಕೊಟ್ಟಿಲ್ಲ," ಎಂದ ಕಾಸ್ಪಾರ್. "ನನ್ನ ಕೈಲಾಗದ್ದು ಇದರ ಬಾಯಲ್ಲಾದ್ರೂ ಬರಲಿ ಅಂತ. ನಿಮಗೆ ಕೇಳಿಸಬೇಕು ಅಂತಿದ್ದೆ. ನೀವು ಈ ಕಡೆ ಬರಲಿಲ್ಲ."

ಬಂದ ದಾರಿಯಲ್ಲೇ ಎದ್ದು ಹೋಗಬಹುದಿತ್ತು. ನಾಲ್ಕಕ್ಕೆ ಪಾಬ್ಸ್ಟ್ ಬರುತ್ತಾನೆ, ಹೌದು ಉದ್ದೇಶಪಟ್ಟೇ ಬರೆದೆ ಎನ್ನಬಹುದು. ಈ ಮುದುಕ ಆ ಕೋಶವನ್ನು ಎಂದೂ ತೆರೆಯುವುದಿಲ್ಲ. ಇದನ್ನೆಲ್ಲ ಹಾರ್ಟುಂಗ್ ಬಹಳ ಶಾಂತವಾಗಿ ಯೋಚಿಸಿದ. ಆದರೆ ದುಡ್ಡು ಕದ್ದವನಿಗಾದರೂ ಹಿಂದಿರುಗಿಸುವ ದಾರಿಯಿರುತ್ತದೆ.

"ಕಾಸ್ಪಾರ್, ಅದು ನನ್ನ ತಪ್ಪು."

"ಯಾವುದು?"

"ಆ ಸ್ವರ. ಕೊಂಬಿನಲ್ಲಿ ಇಲ್ಲ ಅನ್ನೋದೇ ಮರೆತು ಬರೆದುಬಿಟ್ಟೆ. ಮೊದಲ ದಿನ ನೀನು ಕೈ ಮುಚ್ಚಿ ಊದಿದೆಯಲ್ಲ, ಜನ ಅತ್ತದ್ದು ಅದಕ್ಕೇ. ನಾನು ಬರೆದದ್ದಕ್ಕಲ್ಲ, ನಿನ್ನ ಕೈಗೆ. ಪತ್ರಿಕೆಯಲ್ಲಿ ಬಂದಿತ್ತು. ಆ ಒಂದು ಸ್ವರದ ಬಗ್ಗೆಯೇ ಬರೆದಿದ್ರು, ಅದು ನನಗೆ ಹೊಳೆದದ್ದು ಅಂತ. ನಾನು ನಿನಗೆ ತೋರಿಸಲಿಲ್ಲ." ಇಷ್ಟು ಉದ್ದ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಇವತ್ತು ಹೊಸಬ ಬರೆದ ಹಾಗೇ ಊದಿದ. ಅದರಲ್ಲಿ ಏನೂ ಇರಲಿಲ್ಲ."

ಕಾಸ್ಪಾರ್ ಕಾಳಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟ. ಹಕ್ಕಿ ಇನ್ನೊಂದು ಸಲ ಶುರುಮಾಡಿತು. ಅವನು ನೋಡದೆಯೇ ಅದಕ್ಕೆ ಬಟ್ಟೆ ಮುಚ್ಚಿದ. ಬೆನ್ನು ಹಾಕಿಯೇ ಬಟ್ಟೆಯ ಅಂಚು ಸರಿಮಾಡಿದ. ಕೆಳಗೆ ಬೀದಿಯಲ್ಲಿ ಯಾರೋ ಚರ್ಮದ ಗಾಡಿ ತಳ್ಳಿಕೊಂಡು ಹೋದರು.

"ಅಂದ್ರೆ," ಎಂದ ಕೊನೆಗೆ, "ಮೊದಲ ದಿನವೇ ಅದು ಸರಿಯಾಗಿತ್ತು."

"ಸರಿಯಾಗಿತ್ತು."

"ಆಮೇಲೆ ನಾನು ವರ್ಷ ವರ್ಷ ಕೈ ತೆಗೀತಾ ತೆಗೀತಾ..." ಅವನು ತಿರುಗಿದ. ಕೋಪ ಬಂದಿದ್ದರೆ ಹಾರ್ಟುಂಗನಿಗೆ ಹಗುರವಾಗುತ್ತಿತ್ತು. "ನಾನೇ ಅದನ್ನ ಕೆಡಿಸಿದೆ. ಚೆನ್ನಾಗಿದ್ದದ್ದನ್ನ ರಿಪೇರಿ ಮಾಡಿ ಮಾಡಿ ಕೆಡಿಸಿದೆ. ಒಂದು ಸಲ ಹೇಳಬಹುದಿತ್ತಲ್ಲೋ ಟ್ರೌಗೊಟ್. ಬಿಯರ್ ಕುಡಿಯೋವಾಗ. ಕಾಸ್ಪಾರ್, ಅದು ಹಾಗೇ ಇರಲಿ, ಅಂದಿದ್ರೆ ಸಾಕಿತ್ತು. ಯಾರ ತಪ್ಪು ಅಂತಲೂ ಹೇಳಬೇಕಾಗಿರಲಿಲ್ಲ."

ಇಪ್ಪತ್ತೈದು ವರ್ಷದ ಮೇಲೆ ಅವನು ಹಾರ್ಟುಂಗನನ್ನು ಹೆಸರು ಹಿಡಿದು ಕರೆದಿದ್ದ. ಹೌದು, ಅಷ್ಟೇ ಸಾಕಿತ್ತು. ಅಷ್ಟನ್ನೂ ಹಾರ್ಟುಂಗ್ ಕೊಟ್ಟಿರಲಿಲ್ಲ. "ನಾಲ್ಕಕ್ಕೆ ಮನೆಗೆ ಒಬ್ಬರು ಬರ್ತಾರೆ," ಎಂದ. "ದೊಡ್ಡ ಪುಸ್ತಕಕ್ಕೆ ಬರೆದುಕೊಳ್ಳೋಕೆ. ನೀನೂ ಬಾ. ನಿನ್ನ ಹೆಸರು ಹೇಳ್ತೀನಿ. ಆ ಸ್ವರ ನಿನ್ನದು ಅಂತ ಬರೆಸ್ತೀನಿ."

"ಬರೆಸು. ಬೇಡ ಅನ್ನಲ್ಲ." ಕಾಸ್ಪಾರ್ ಎದುರಿನ ಮಂಚದ ಅಂಚಿನಲ್ಲಿ ಕೂತ. ಅವನ ಮುಖದಲ್ಲಿ ಬೇರೊಂದು ಚಿಂತೆ ಆಗಲೇ ಬಂದಿತ್ತು, ತಾಲೀಮಿನಲ್ಲಿ ಕಷ್ಟದ ಜಾಗ ಬಂದಾಗ ಬರುತ್ತಿದ್ದ ಹುಬ್ಬುಗಂಟಿನ ಚಿಂತೆ. "ಅದಿರಲಿ. ಅದು ಹೇಗಿತ್ತು? ನಾನು ಊದ್ತಿದ್ದೆ, ನನಗೆ ಕೇಳಿಸೋದು ಒಳಗಿನಿಂದ. ಎದುರಿಗೆ ನಿಂತೋನು ನೀನು. ಮೊದಲ ದಿನ ಕೈ ಎಷ್ಟು ಒಳಗಿತ್ತು?"

"ನೆನಪಿಲ್ಲವಾ ನಿನಗೆ?"

"ಇಷ್ಟು ವರ್ಷ ಅದನ್ನ ಮರೆಯೋಕೆ ತಾನೆ ಒದ್ದಾಡಿದ್ದು."

ಅವನು ಬಲಗೈ ಚಾಚಿದ. ಗಂಟುಗಂಟಾದ ಬೆರಳುಗಳು, ಉಗುರಿನಲ್ಲಿ ಕಾಳಿನ ಹೊಟ್ಟು. ಹಾರ್ಟುಂಗ್ ಕುರ್ಚಿಯನ್ನು ಮುಂದಕ್ಕೆಳೆದು ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡ. ಅವನಿಗೆ ಎಲ್ಲ ನೆನಪಿತ್ತು. ಹೆಬ್ಬೆರಳನ್ನು ಪಕ್ಕಕ್ಕೆ ಸೇರಿಸಿದ, ನಾಲ್ಕು ಬೆರಳನ್ನು ಒಂದರ ಪಕ್ಕ ಒಂದು ಒತ್ತಿ, ಬೊಗಸೆಯ ಹಾಗೆ ಬಗ್ಗಿಸಿದ. ಗಂಟುಗಳು ಬಗ್ಗಲು ಹೊತ್ತು ಹಿಡಿಯಿತು. ಚರ್ಚಿನಲ್ಲಿ ನಾಲ್ಕು ಹೊಡೆಯಿತು, ಇಬ್ಬರೂ ಕೇಳಿದರು, ಯಾರೂ ಏಳಲಿಲ್ಲ.

ಕಾಸ್ಪಾರ್ ಆ ಕೈಯನ್ನು ಹಾಗೇ ಎತ್ತಿ ಹಲ್ಲಿಲ್ಲದ ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಆ ರಾಗವನ್ನು ಗುನುಗತೊಡಗಿದ. ಒಂದೊಂದೇ ಮೆಟ್ಟಿಲು ಹತ್ತಿದ. ತುದಿಗೆ ಬಂದಾಗ ಕೈಯನ್ನು ತುಟಿಗೆ ಒತ್ತಿದ. ದನಿ ಒಳಗೆ ಸರಿಯಿತು.

"ಹೀಗಾ?" ಎಂದ.

ಹಾರ್ಟುಂಗ್ ತಲೆ ವಾಲಿಸಿ ಕೇಳುತ್ತಿದ್ದ, ಕೋಲಿಲ್ಲದ ಬಲಗೈಯನ್ನು ಗಾಳಿಯಲ್ಲಿ ಹಿಡಿದು.

"ಇನ್ನೂ ಸ್ವಲ್ಪ ಮುಚ್ಚು, ಕಾಸ್ಪಾರ್," ಎಂದ.